ಹಳೆ ವಿಡಿಯೊ ಕ್ಯಾಸೆಟ್ ಡಿವಿಡಿ ಮಾಡಿಸಲು ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಡಿವಿಡಿಯಲ್ಲಿ ನಮ್ಮ ಅಜ್ಜಿ ಹಸೆಗೆ ಕರೆಯುವ ಹಾಡು ಹೇಳುತ್ತಿರುವುದು ಕಾಣುತ್ತದೆ. ಬಾಯಿ ಅಲ್ಲಾಡುತ್ತದೆ, ಕೈಯಲ್ಲಿ ಆರತಿ ತಟ್ಟೆ ಇದೆ. ಕೇಳುವುದು ಮಾತ್ರ ಯಾವುದೋ ಸಿನಿಮಾ ಹಾಡು. ಇದಕ್ಕೆ ನಾನು ದುಡ್ಡು ಬೇರೆ ಕೊಟ್ಟಿದ್ದೇನೆ. ಅಟ್ಟದ ಮೇಲೆ ಹಳೆ ಕ್ಯಾಸೆಟ್ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಜಾಸ್ತಿ ಜನ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕುಮಟಾ ಹತ್ತಿರ. 1994ರಲ್ಲಿ ಅಕ್ಕನ ಮದುವೆ. ಶೂಟಿಂಗ್‌ನವರು ಕೊಟ್ಟ ಎರಡು ವಿಎಚ್‌ಎಸ್ ಅಂದರೆ ದೊಡ್ಡ ಕ್ಯಾಸೆಟ್ ಇದ್ದವು. ಗುಲಾಬಿ ಹೂವಿನ ಒಳಗಿಂದ ಮದುಮಗಳ ಮುಖ ಬರುವ ಸರ್ಕಸ್ಸೆಲ್ಲ ಅದರಲ್ಲಿತ್ತು. ಅದು ಹೋದರೆ ಹೋಗಲಿ. ಮಸ್ಕತ್‌ನಲ್ಲಿದ್ದ ಮಾವ ಒಂದು ಸಣ್ಣ ಕ್ಯಾಮೆರಾ ತಂದಿದ್ದ. ಅದಕ್ಕೆ ವಿಡಿಯೊ8 ಕ್ಯಾಸೆಟ್, ಹೆಚ್ಚುಕಮ್ಮಿ ಹಾಡಿನ ಕ್ಯಾಸೆಟ್ಟಿನಷ್ಟೇ ದೊಡ್ಡದು. ಹಿತ್ತಲು, ಗದ್ದೆ ನಾಟಿ, ಅಡುಗೆಯವರ ಜಗಳ, ಮದುವೆ ಮನೆಯ ಹೆಂಗಸರ ಹಾಡು, ಕಂಡಿದ್ದನ್ನೆಲ್ಲ ಹಿಡಿದಿದ್ದ. ಅಜ್ಜಿಯ ದನಿ ಇದ್ದದ್ದು ಅವುಗಳಲ್ಲಿ ಮಾತ್ರ.

ಕಾರವಾರದ ಒಂದು ಅಂಗಡಿಗೆ ಒಯ್ದೆ. ಹೆಸರು ಬೇಡ. ಎರಡು ವಿಎಚ್‌ಎಸ್, ಮೂರು ವಿಡಿಯೊ8. ಕ್ಯಾಸೆಟ್ಟಿಗೆ 400 ರೂಪಾಯಿ. "ಎಲ್ಲ ಡಿವಿಡಿ ಮಾಡಿ ಕೊಡ್ತೆ, ಎಂತದೂ ಚಿಂತೆ ಬೇಡ ಮಾರಾಯ್ರೆ" ಅಂದ. ಚೀಟಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹದಿನೈದು ದಿನ ಅಂದದ್ದು ಮೂರು ತಿಂಗಳಾಯಿತು. ಆಮೇಲೆ ಗೊತ್ತಾಯಿತು, ಅಂಗಡಿಯಲ್ಲಿ ಕ್ಯಾಸೆಟ್ ಓಡಿಸುವ ಡೆಕ್ಕೇ, ಅಂದರೆ ವಿಸಿಆರೇ, ಇಲ್ಲ. ಬಸ್ಸಿಗೆ ಹಾಕಿ ಹುಬ್ಬಳ್ಳಿಗೆ ಕಳಿಸಿದ್ದನಂತೆ.

ಅವನೊಬ್ಬನದೇ ತಪ್ಪಲ್ಲ ಬಿಡಿ. ವಿಸಿಆರ್ ಈಗ ಎಲ್ಲಿ ಸಿಗುತ್ತದೆ? ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಇರುವುದೆಲ್ಲ ಹಳೆ ಡೆಕ್ಕುಗಳೇ. ಆದರೂ "ನನ್ನ ಹತ್ತಿರ ಇಲ್ಲ, ಬೇರೆಯವರಿಗೆ ಕಳಿಸಬೇಕು" ಅಂತ ಮೊದಲೇ ಹೇಳಬಹುದಿತ್ತಲ್ವಾ?

ಅಂತೂ ಡಿವಿಡಿ ಬಂತು. ಟಿವಿಗೆ ಹಾಕಿದರೆ ಎಲ್ಲರೂ ದಪ್ಪ. ಆಗಿನ ಚಿತ್ರ ಹೆಚ್ಚುಕಮ್ಮಿ ಚೌಕ. ಅದನ್ನು ಈಗಿನ ಅಗಲ ಟಿವಿಗೆ ತಕ್ಕಂತೆ ಎಳೆದು ಕೂರಿಸಿದ್ದರು. ಕಡ್ಡಿಯಂತಿದ್ದ ನಮ್ಮ ಭಾವ ಪೈಲ್ವಾನನಾಗಿದ್ದ. ಆಯಿ, ಅಂದರೆ ಅಮ್ಮ, ನಕ್ಕಳು, ನನಗೆ ನಗು ಬರಲಿಲ್ಲ. ಕಂಪ್ಯೂಟರಿಗೆ ಹಾಕಿ ಚಿತ್ರದ ಅಳತೆ ಎಷ್ಟು ಚುಕ್ಕೆ (ಪಿಕ್ಸೆಲ್) ಅಂತ ನೋಡಿದೆ. 352 ಅಡ್ಡ, 288 ಉದ್ದ. ಇದು ಹಳೆ ವಿಸಿಡಿಯ ಅಳತೆ. ಡಿವಿಡಿಯಲ್ಲಿ 720 ಮತ್ತು 576ರ ತನಕ ಹಿಡಿಸುತ್ತದೆ. ಅಂದರೆ ನಾಲ್ಕರಲ್ಲಿ ಒಂದು ಪಾಲು ಕೊಟ್ಟಿದ್ದಾರೆ. ಮೂರೂ ಸಣ್ಣ ಕ್ಯಾಸೆಟ್ಟುಗಳನ್ನು ಒಂದೇ ಡಿವಿಡಿಯಲ್ಲಿ ತುರುಕಿದ್ದು ಹೀಗೆ.

ಹಾಡಿನ ವಿಷಯ ಕೇಳಿದೆ. "ಸುಮ್ನೆ ಸುಂಯ್ ಅಂತ ಸದ್ದು ಬರ್ತಿತ್ತು, ಅದಕ್ಕೆ ಚಂದದ ಹಾಡು ಹಾಕಿಸಿದೆ. ಅದಕ್ಕೆ ಬೇರೆ ಚಾರ್ಜ್ ಇಲ್ಲ" ಅಂದ. ಉಪಕಾರ ಮಾಡಿದವನ ಹಾಗೆ.

ಸರಿ, ಕ್ಯಾಸೆಟ್ ವಾಪಸ್ ಕೊಡಿ, ಬೇರೆ ಕಡೆ ಮಾಡಿಸುತ್ತೇನೆ ಅಂದೆ. ವಿಎಚ್‌ಎಸ್ ಎರಡು ಬಂದವು. ಒಂದರ ರೀಲು ಮುದ್ದೆಯಾಗಿ, ಕತ್ತರಿಸಿ, ಮನೆಯಲ್ಲಿ ಪುಸ್ತಕಕ್ಕೆ ಹಚ್ಚುವ ಗಮ್ ಟೇಪಿನಿಂದ ಜೋಡಿಸಿದ್ದರು. ಅದರ ಅಂಟು ಡೆಕ್ಕಿನೊಳಗೆ ರೀಲನ್ನು ಓದುವ ಹೆಡ್ಡಿಗೆ ತಾಗಿದರೆ ಹೆಡ್ಡೇ ಹಾಳು. ಸಣ್ಣವು ಮೂರೂ ಇಲ್ಲ. "ಡಿವಿಡಿ ಆಯ್ತಲ್ಲ, ಆ ರೀಲು ಎಂತಕ್ಕೆ ನಿಮಗೆ?" ಹುಬ್ಬಳ್ಳಿಯಲ್ಲಿ ಕಸಕ್ಕೆ ಹಾಕಿದ್ದರಂತೆ. ಅಂಗಡಿಯ ಎದುರು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ನನ್ನ ತಪ್ಪೂ ಇದೆ. ಕೊಡುವ ಮುಂಚೆ ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಲ್ಲಿ ರೀಲಿನ ಅಂಚಿಗೆ ಬಿಳಿ ಪುಡಿ ಕಂಡಿತ್ತು. ಸುಣ್ಣ ಉದುರಿರಬೇಕು ಅಂದುಕೊಂಡೆ. ಅದು ಬೂಸ್ಟು. ನಮ್ಮ ಕರಾವಳಿಯ ನಾಲ್ಕು ತಿಂಗಳ ಮಳೆಯಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ರೀಲಿಗೆ ಬರುವುದಿಲ್ವಾ? ವಿಸಿಆರ್ ಒಳಗಿನ ಹೆಡ್ಡು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೂಸ್ಟಿನ ರೀಲನ್ನು ಹಾಗೇ ಓಡಿಸಿದರೆ ಅದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ರೀಲು ಅಂಟಿ ಹರಿಯಲೂಬಹುದು. ಒರೆಸದೆ ಮುಂದಿನ ಕ್ಯಾಸೆಟ್ ಹಾಕಿದರೆ ಅದಕ್ಕೂ ಹತ್ತುತ್ತದೆ. ಹಾಗಾಗಿ ಬಿಳಿ ಕಂಡರೆ "ಓಡುತ್ತದಾ ನೋಡೋಣ" ಅಂತ ಮನೆಯಲ್ಲೂ ಹಾಕಬೇಡಿ. ಕ್ಯಾಸೆಟ್ ಬಿಚ್ಚಿ ಒರೆಸಲು ಗೊತ್ತಿರುವವರಿಗೇ ಕೊಡಿ.

ಮಾವ ಹಿಡಿದ ಇನ್ನೊಂದು ವಿಡಿಯೊ8, ಆರನೇ ಕ್ಯಾಸೆಟ್, ಶಿರಸಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದಿತ್ತು. ಈ ಸಲ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವರೊಬ್ಬರಿಗೆ ನಾನೇ ಕೈಯಾರೆ ಒಯ್ದು ಕೊಟ್ಟೆ. ಎಷ್ಟು ಕ್ಯಾಸೆಟ್, ಮೇಲೆ ಏನು ಬರೆದಿದೆ ಎಂದು ಚೀಟಿಯಲ್ಲಿ ಬರೆಸಿಕೊಂಡೆ. ಡೆಕ್ ತೋರಿಸಿ ಅಂದೆ, ತೋರಿಸಿದರು. ವಿಡಿಯೊ8 ಅನ್ನು ವಿಎಚ್‌ಎಸ್ ಡೆಕ್ಕಿಗೆ ಹಾಕಿ ಓಡಿಸುವ ಅಡಾಪ್ಟರ್ ಅಂತ ಒಂದು ಇಲ್ಲವೇ ಇಲ್ಲ, ಅಂಥ ಅಡಾಪ್ಟರ್ ಇರುವುದು ವಿಎಚ್‌ಎಸ್-ಸಿ ಎಂಬ ಬೇರೆ ಸಣ್ಣ ಕ್ಯಾಸೆಟ್ಟಿಗೆ ಮಾತ್ರ. ಯಾರಾದರೂ ಇದೆ ಅಂದರೆ ಎದ್ದು ಬನ್ನಿ. ಇವರು ಅದೇ ಜಾತಿಯ ಹಳೆ ಸೋನಿ ಕ್ಯಾಮೆರಾದಲ್ಲಿ ಓಡಿಸಿದರು. ಹಾಡು ಬೇಡ, ಕಟ್ ಬೇಡ, ಬಣ್ಣ ತಿದ್ದುವುದು ಬೇಡ, ಇದ್ದದ್ದು ಇದ್ದ ಹಾಗೆ ಕೊಡಿ ಅಂತ ಬರೆದೇ ಕೊಟ್ಟಿದ್ದೆ. ಒಂದು ತಾಸಿಗೆ 13 ಜಿಬಿ ಹತ್ತಿರದ ಫೈಲು ಬಂತು. ಡಿವಿಡಿ ಬೇಡ ಅಂದೆ. ಮನೆಯಲ್ಲಿ ಬರೆಯುವ ಡಿವಿಡಿಯ ಬಣ್ಣದ ಪದರವೂ ಶೆಕೆಗೆ, ತೇವಕ್ಕೆ ಕೆಡುತ್ತದೆ.

ಅದರಲ್ಲಿ ಮುಕ್ಕಾಲು ಪಾಲು ಮಾರಿಕಾಂಬೆ ಜಾತ್ರೆಯ ಜನರ ಬೆನ್ನು. ನಡುವೆ ಒಂದು ಕಡೆ ಅಜ್ಜಿ ಬಳೆ ಅಂಗಡಿಯ ಎದುರು ನಿಂತು, "ಸಾಕೋ ಬಂದ್ ಮಾಡು, ಬ್ಯಾಟ್ರಿ ಖರ್ಚಾಗ್ತು" ಅಂತ ಮಾವನಿಗೆ ಬೈಯುತ್ತಾಳೆ. ನಾಲ್ಕೈದು ಸೆಕೆಂಡು. ಫೈಲು ಈಗ ಎರಡು ಹಾರ್ಡ್ ಡಿಸ್ಕಿನಲ್ಲಿದೆ, ಒಂದು ನನ್ನ ಹತ್ತಿರ, ಒಂದು ಅಕ್ಕನ ಹತ್ತಿರ. ಕ್ಯಾಸೆಟ್ಟನ್ನೂ ವಾಪಸ್ ತಂದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನಿಲ್ಲಿಸಿ ಇಟ್ಟಿದ್ದೇನೆ. ಅಟ್ಟದ ಮೇಲೆ ಅಲ್ಲ, ಬಟ್ಟೆ ಕಪಾಟಿನಲ್ಲಿ.