ಕೇಕ್ ಮೇಲೆ ಉದುರಿಸುವ ಚಿನ್ನದ ಪುಡಿ: ಹೆಸರಿಲ್ಲದ ಪ್ಯಾಕೆಟ್ ಮನೆಗೆ ತರಬೇಡಿ

ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕ್ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೇಕ್ ಸಾಮಾನಿನ ಅಂಗಡಿಗಳಲ್ಲಿ ಸಣ್ಣ ಜಿಪ್ ಕವರ್‌ಗೆ ಹಾಕಿ ಹೊಳೆಯುವ ಪುಡಿ ಮಾರುತ್ತಾರೆ. ಚಿನ್ನದ ಬಣ್ಣ, ಬೆಳ್ಳಿ ಬಣ್ಣ, ರೋಸ್ ಗೋಲ್ಡ್. ಕವರ್ ಮೇಲೆ ಕಂಪನಿ ಹೆಸರಿಲ್ಲ, ಏನೇನು ಹಾಕಿದ್ದಾರೆ ಅಂತಿಲ್ಲ, ತಾರೀಖೂ ಇಲ್ಲ. ಅದನ್ನು ತಗೊಳ್ಳಬೇಡಿ. ಅಂಗಡಿಯವರು ಎಷ್ಟೇ ಧೈರ್ಯ ಹೇಳಿದರೂ ತಗೊಳ್ಳಬೇಡಿ. ಅದನ್ನು ಹಾಕಿದ ಕೇಕ್ ತಿಂದ ರಾತ್ರಿ ನಮ್ಮ ಮನೆ ಮಕ್ಕಳು ಪಟ್ಟ ಪಾಡು ಇನ್ನೊಬ್ಬರ ಮನೆಯಲ್ಲಿ ಆಗುವುದು ಬೇಡ.

ನಮ್ಮದು ಲೆಕ್ಕ ಹಾಕಿ ಖರ್ಚು ಮಾಡುವ ಮನೆ. ಬೇಕರಿಯ ಕ್ರೀಮ್ ಕೇಕಿಗೆ ಕೊಡುವ ದುಡ್ಡಿನಲ್ಲಿ ಮನೆಯಲ್ಲಿ ಮೂರು ಕೇಕ್ ಆಗುತ್ತದೆ. ಅದಕ್ಕೇ ವರ್ಷಗಳಿಂದ ಮನೆಯಲ್ಲೇ ಮಾಡುತ್ತಿದ್ದೇನೆ. ಓವನ್ ಇಲ್ಲ, ಕುಕ್ಕರ್‌ನಲ್ಲೇ ಬೇಯಿಸುತ್ತೇನೆ. ತಂಗಿ ಮಗಳ ಹುಟ್ಟುಹಬ್ಬ ಬಂತು. 'ದೊಡ್ಡಮ್ಮಾ, ನಂಗೆ ರಾಜಕುಮಾರಿ ಕೇಕ್ ಬೇಕು, ಮಿಣಮಿಣ ಅಂತಿರಬೇಕು' ಅಂತ ಕೇಳಿದಳು. ಮಗು ಆಸೆಪಟ್ಟು ಕೇಳಿದ್ದು, ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ಬೆಂಗಳೂರಿನಲ್ಲಿ ಕೇಕ್ ಸಾಮಾನು ಹೋಲ್‌ಸೇಲ್ ಬೆಲೆಗೆ ಕೊಡುವ ಒಂದು ಅಂಗಡಿಗೆ ಹೋದೆ. ಬೇಕಿಂಗ್ ಪೌಡರ್, ಬೆಣ್ಣೆ, ಗುಲಾಬಿ ಬಣ್ಣ, ಆಮೇಲೆ ಈ ಚಿನ್ನದ ಪುಡಿ ತಗೊಂಡೆ. ಸೀಲ್ ಇರುವ ಡಬ್ಬಿಗಳೂ ಅಲ್ಲಿದ್ದವು, ಆದರೆ ಬೆಲೆ ನಾಲ್ಕೈದು ಪಟ್ಟು. 'ಅದ್ಯಾಕಕ್ಕಾ, ಇದೂ ಅದೇ, ಲೂಸ್‌ನಲ್ಲಿ ತಗೊಳ್ಳಿ' ಅಂದರು.

ನಾನು ಬಾಯಿಬಿಟ್ಟು ಕೇಳಿದೆ. 'ಅಣ್ಣಾ, ಇದು ತಿನ್ನೋದೇ ತಾನೆ? ಸಣ್ಣ ಮಕ್ಕಳಿಗೆ ಕೊಡೋದು.' ಅವರು ಒಂದು ಕ್ಷಣವೂ ಯೋಚಿಸಲಿಲ್ಲ. 'ಕೇಕ್‌ಗೇ ಹಾಕೋದಕ್ಕಾ. ಮನೆಯಲ್ಲಿ ಕೇಕ್ ಮಾಡಿ ಮಾರೋರೆಲ್ಲ ಇದನ್ನೇ ತಗೊಂಡು ಹೋಗ್ತಾರೆ' ಅಂದರು. ಬಿಲ್ ಕೇಳಿದರೆ ಒಂದು ಚೀಟಿಯಲ್ಲಿ ಮೊತ್ತ ಮಾತ್ರ ಬರೆದು ಕೊಟ್ಟರು.

ಕೇಕ್ ನೋಡೋಕೆ ಚೆನ್ನಾಗಿಯೇ ಬಂತು. ಮಕ್ಕಳಿಗೆ ಮೇಲಿನ ಹೊಳೆಯುವ ಭಾಗವೇ ಬೇಕಿತ್ತು, ಬೆರಳಲ್ಲಿ ತೆಗೆದು ನೆಕ್ಕಿದರು. ಇನ್ನೂ ಊಟ ಬಡಿಸಿರಲಿಲ್ಲ, ಆಗಲೇ ಶುರುವಾಯಿತು. ಮೊದಲು ಹುಟ್ಟುಹಬ್ಬದ ಮಗುವೇ ವಾಂತಿ ಮಾಡಿಕೊಂಡಳು. ಆಮೇಲೆ ನನ್ನ ಮಗ, ಆಮೇಲೆ ಪಕ್ಕದ ಮನೆಯ ಹುಡುಗಿ. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದರು. ನನ್ನ ಮಗ ಸ್ವಲ್ಪ ದೊಡ್ಡವನು, 'ಅಮ್ಮಾ, ಬಾಯೆಲ್ಲ ನಾಣ್ಯ ಕಚ್ಚಿದ ಹಾಗಿದೆ' ಅಂದ. ದೊಡ್ಡವರಲ್ಲಿ ಬರೀ ಸ್ಪಂಜ್ ತಿಂದವರಿಗೆ ಏನೂ ಆಗಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಔಷಧಿ, ಓಆರ್‌ಎಸ್ ಕೊಟ್ಟು, ರಾತ್ರಿಯಿಡೀ ನೋಡಿಕೊಂಡು ಬೆಳಿಗ್ಗೆ ಮನೆಗೆ ಕಳಿಸಿದರು. ಮಕ್ಕಳು ಹುಷಾರಾದರು. ಪುಡಿಯನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದ ರಿಪೋರ್ಟ್ ನನ್ನ ಹತ್ತಿರ ಇಲ್ಲ. ಹಾಗಾಗಿ ಅದರಿಂದಲೇ ಆಯಿತು ಅಂತ ಸಾಬೀತು ಮಾಡೋಕೆ ನನಗೆ ಆಗುವುದಿಲ್ಲ. ಆದರೆ ಆಮೇಲೆ ಅಂಗಡಿಯಲ್ಲಿ ನೋಡಿದ್ದನ್ನು ಮಾತ್ರ ಹೇಳಲೇಬೇಕು.

ಎರಡು ದಿನ ಬಿಟ್ಟು ಯಜಮಾನರನ್ನೂ ಕರೆದುಕೊಂಡು ಆ ಅಂಗಡಿಗೆ ಹೋದೆ. 'ಆ ಪುಡಿ ಯಾವ ಡಬ್ಬಿಯಿಂದ ತುಂಬಿದ್ದೋ ಅದನ್ನು ತೋರಿಸಿ' ಅಂತ ಪಟ್ಟು ಹಿಡಿದೆ. ಮೊದಲು ಖಾಲಿಯಾಗಿದೆ ಅಂದರು. ಕೆಲಸದ ಹುಡುಗ ಒಳಗಿಂದ ತಂದೇಬಿಟ್ಟ. ದೊಡ್ಡ ಪ್ಲಾಸ್ಟಿಕ್ ಡಬ್ಬಿ. ತಳದಲ್ಲಿ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು: ಅಲಂಕಾರಕ್ಕೆ ಮಾತ್ರ, ತಿನ್ನಲು ಅಲ್ಲ. ಪಕ್ಕದಲ್ಲೇ 'ನಾನ್ ಟಾಕ್ಸಿಕ್', ಅಂದರೆ ವಿಷವಲ್ಲ, ಅಂತಲೂ ಇತ್ತು. ತಯಾರು ಮಾಡಿದವರು ಬರೆದಿದ್ದ ಎಚ್ಚರಿಕೆ ಜಿಪ್ ಕವರ್‌ಗೆ ಬರುವಷ್ಟರಲ್ಲಿ ಮಾಯವಾಗಿತ್ತು! ಅಂಗಡಿಯವರು ಆಗ ಹೇಳಿದ್ದೇನು ಗೊತ್ತಾ? 'ಇದನ್ನು ಪ್ಲಾಸ್ಟಿಕ್ ಹೂವು, ಗೊಂಬೆ, ಕೇಕ್ ಸ್ಟ್ಯಾಂಡ್‌ಗೆ ಹಚ್ಚೋದಕ್ಕಾ.' ತಗೊಳ್ಳುವಾಗ ಒಂದು ಮಾತು, ಕೇಳೋಕೆ ಹೋದಾಗ ಇನ್ನೊಂದು. ದುಡ್ಡು ವಾಪಸ್ ಕೊಡಲಿಲ್ಲ, ಬಿಲ್ ಇಲ್ಲವಲ್ಲ ಅಂದರು. ದುಡ್ಡಿನ ಮಾತು ಬಿಡಿ, ಮಕ್ಕಳ ಹೊಟ್ಟೆಗೆ ಹೋಗುವ ವಸ್ತುವಿನ ಬಗ್ಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದರಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇಂಥ ಪುಡಿಗಳಲ್ಲಿ ಏನಿರಬಹುದು ಅಂತ ಹುಡುಕಿದಾಗ ಅಮೆರಿಕದ ಒಂದು ಪ್ರಕರಣ ಸಿಕ್ಕಿತು. ರೋಡ್ ಐಲೆಂಡ್ ರಾಜ್ಯದಲ್ಲಿ 2018ರಲ್ಲಿ ಹುಟ್ಟುಹಬ್ಬದ ಕೇಕ್ ತಿಂದು 1ರಿಂದ 11 ವರ್ಷದೊಳಗಿನ ಆರು ಮಕ್ಕಳಿಗೆ ವಾಂತಿ ಭೇದಿ ಆಗಿತ್ತು. ಕೇಕ್ ಮೇಲೆ ಹಾಕಿದ್ದ ಹೊಳೆಯುವ ಪುಡಿ ತಿನ್ನುವುದಲ್ಲದ ತಾಮ್ರದ ಪುಡಿ ಅಂತ ತನಿಖೆಯಲ್ಲಿ ಗೊತ್ತಾಯಿತು. ಮಿಸೌರಿ ರಾಜ್ಯದಲ್ಲಿ 2019ರಲ್ಲಿ ಇಂಥ ಪುಡಿ ಹಾಕಿದ ಕೇಕ್ ತಿಂದ ಒಂದು ಮಗುವಿನ ರಕ್ತದಲ್ಲಿ ಸೀಸ ಹೆಚ್ಚಾಗಿತ್ತು, ಆ ಪುಡಿಯಲ್ಲಿ ಸೀಸ ಇತ್ತು. ಆ ದೇಶದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಎರಡೂ ಪ್ರಕರಣಗಳನ್ನು ಪ್ರಕಟಿಸಿ ಎಚ್ಚರಿಸಿದೆ.

ತಾಮ್ರ ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಲು ಬಿಡುತ್ತಿರಲಿಲ್ಲ, ಕಿಲುಬು ಬರುತ್ತದೆ ಅಂತ. ಹುಳಿ ತಾಗಿದರೆ ತಾಮ್ರ ಬಿಟ್ಟುಕೊಳ್ಳುತ್ತದೆ. ಪಾತ್ರೆಯ ವಿಷಯದಲ್ಲೇ ಅಷ್ಟು ಜಾಗ್ರತೆ ಇದ್ದ ಮೇಲೆ ಲೋಹದ ನುಣುಪು ಪುಡಿಯನ್ನು ನೇರವಾಗಿ ಕೇಕಿನ ಮೇಲೆ ಉದುರಿಸುವುದು ಎಂಥ ಅಪಾಯ ನೋಡಿ.

'ನಾನ್ ಟಾಕ್ಸಿಕ್' ಅಂತ ಬರೆದಿರುವುದನ್ನು ನಂಬಿ ತಿನ್ನಬೇಡಿ. ಮಕ್ಕಳ ಕ್ರೇಯಾನ್ ಡಬ್ಬಿಯ ಮೇಲೂ ಅದೇ ಇರುತ್ತದೆ, ಅದನ್ನು ಯಾರೂ ಊಟಕ್ಕೆ ಹಾಕುವುದಿಲ್ಲ ಅಲ್ವಾ? ತಿನ್ನಬಹುದಾದ ಪುಡಿಯಾದರೆ ಡಬ್ಬಿಯ ಮೇಲೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರಲೇಬೇಕು. ಸಾಮಾನ್ಯವಾಗಿ ಸಕ್ಕರೆ, ಜೋಳದ ಪಿಷ್ಟ, ಗೋಂದು, ಜೊತೆಗೆ ತಿನ್ನಲು ಅನುಮತಿ ಇರುವ ಬಣ್ಣಗಳು ಇರುತ್ತವೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, ಬಳಸಬೇಕಾದ ಕೊನೆಯ ದಿನ, ಸಸ್ಯಾಹಾರದ ಹಸಿರು ಚುಕ್ಕೆ ಇರಬೇಕು. ದೊಡ್ಡ ಡಬ್ಬಿಯಿಂದ ತೆಗೆದು ಸಣ್ಣ ಪ್ಯಾಕೆಟ್ ಮಾಡಿ ಮಾರುವವರಿಗೂ ಈ ನಿಯಮ ಇದೆ. ಇವು ಇಲ್ಲದ ಪ್ಯಾಕೆಟ್ ಕೈಗೆ ಕೊಟ್ಟರೆ ಅಲ್ಲೇ ವಾಪಸ್ ಕೊಟ್ಟುಬಿಡಿ.

ಲೂಸ್ ಬಣ್ಣದ ಕಥೆಯೂ ಇದೇ. ನಮ್ಮ ದೇಶದಲ್ಲಿ ಆಹಾರಕ್ಕೆ ಹಾಕಲು ಅನುಮತಿ ಇರುವ ಕೃತಕ ಬಣ್ಣಗಳು ಎಂಟೇ ಎಂಟು. ಅವನ್ನೂ ಇಂಥ ತಿನಿಸಿಗೆ ಮಾತ್ರ, ಇಷ್ಟೇ ಅಂತ ಮಿತಿ ಇದೆ. ಒಂದು ಕಿಲೋಗೆ 100 ಮಿಲಿಗ್ರಾಂ ಅಂದರೆ ಒಂದು ಚಿಟಿಕೆಗಿಂತ ಕಡಿಮೆ. ಬಟ್ಟೆಗೆ ಹಾಕುವ ರೋಡಮೈನ್ ಬಿ ಅನ್ನುವ ಗುಲಾಬಿ ಬಣ್ಣಕ್ಕೆ ಅನುಮತಿಯೇ ಇಲ್ಲ. ಬೊಂಬಾಯಿ ಮಿಠಾಯಿಯಲ್ಲಿ ಅದು ಸಿಕ್ಕಿದ ಮೇಲೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಣ್ಣದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಆಗಲೇ ನಿಲ್ಲಿಸಿದರು. ಅದೇ ವರ್ಷ ಬೆಂಗಳೂರಿನ ಬೇಕರಿಗಳ 235 ಕೇಕ್ ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ಅಂದರೆ ಅನುಮತಿ ಇರುವ ಬಣ್ಣವೂ ಜಾಸ್ತಿಯಾದರೆ ತೊಂದರೆಯೇ. ನನಗೆ ಕೊಟ್ಟ ಗುಲಾಬಿ ಪುಡಿ ಯಾವುದೋ, ಕಣ್ಣಲ್ಲಿ ನೋಡಿ ಹೇಳೋಕೆ ಯಾರಿಗೂ ಆಗುವುದಿಲ್ಲ. ಭಯ ಇರುವುದೇ ಅಲ್ಲಿ.

ಬೆಣ್ಣೆ ಅಂತ ತೂಕ ಮಾಡಿ ಕೊಟ್ಟಿದ್ದು ಬೆಣ್ಣೆಯೇ ಆಗಿರಲಿಲ್ಲ. ಬೆಣ್ಣೆ ನಾಲಿಗೆ ಮೇಲೆ ಕರಗುತ್ತದೆ, ಇದು ಬಾಯಿಯ ಅಂಗುಳಕ್ಕೆ ಮೇಣದ ಥರ ಅಂಟಿತು. ಬೇಕರಿಗಳಿಗೆ ಮಾರುವ ವನಸ್ಪತಿ ಕೊಬ್ಬು ಅದು. ಬೆಣ್ಣೆ ಅನ್ನಬೇಕಾದರೆ ಅದರಲ್ಲಿ ಕನಿಷ್ಠ ನೂರಕ್ಕೆ 80 ಭಾಗ ಹಾಲಿನ ಕೊಬ್ಬು ಇರಬೇಕು. ಅಷ್ಟು ದುಡ್ಡು ಇಲ್ಲದಿದ್ದರೆ ಮನೆಯ ಅಡುಗೆ ಎಣ್ಣೆಯೇ ಸಾಕು, ಕೇಕ್ ಇನ್ನೂ ಮೆತ್ತಗೆ ಬರುತ್ತದೆ.

ಬೇಕಿಂಗ್ ಪೌಡರ್ ಕೂಡ ಸೀಲ್ ಇರುವ ಚಿಕ್ಕ ಡಬ್ಬಿಯನ್ನೇ ತನ್ನಿ. ತೇವ ತಾಗಿದರೆ ಅದರ ಶಕ್ತಿ ಹೋಗುತ್ತದೆ, ಲೂಸ್‌ನಲ್ಲಿ ಎಷ್ಟು ದಿನ ತೆರೆದಿಟ್ಟಿದ್ದರೋ ಗೊತ್ತಾಗುವುದಿಲ್ಲ. ಬಿಸಿನೀರಿಗೆ ಅರ್ಧ ಚಮಚ ಹಾಕಿ, ಬುಸುಬುಸು ನೊರೆ ಬಂದರೆ ಸರಿ ಇದೆ ಅಂತ.

ದುಡ್ಡು ಉಳಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಉಳಿಸಲು ಬೇರೆ ಜಾಗ ಬೇಕಾದಷ್ಟಿದೆ. ಅಲಂಕಾರವನ್ನೇ ಕಡಿಮೆ ಮಾಡಿ. ನಮ್ಮ ಅಯ್ಯಂಗಾರ್ ಬೇಕರಿಗಳ ಹನಿ ಕೇಕ್ ನೋಡಿ, ಸ್ಪಂಜಿಗೆ ಸಕ್ಕರೆ ಪಾಕ, ಮೇಲೆ ಜಾಮ್, ಅದರ ಮೇಲೆ ಕೊಬ್ಬರಿ ಪುಡಿ, ಅಷ್ಟೇ. ಅದಕ್ಕಿಂತ ರುಚಿಯಾದ ಅಗ್ಗದ ಕೇಕ್ ನನಗೆ ಗೊತ್ತಿಲ್ಲ.

ನಾನು ಮಾಡುವ ಅಳತೆ ಹೇಳುತ್ತೇನೆ. ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ ಪುಡಿ ಚೆನ್ನಾಗಿ ಕಲಸಿ, ಅರ್ಧ ಚಮಚ ಅಡುಗೆ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಡಿ, ನೊರೆ ಏಳುತ್ತದೆ. ಅರ್ಧ ಕಪ್ ಎಣ್ಣೆ ಹಾಕಿ, ಒಂದೂವರೆ ಕಪ್ ಮೈದಾ ಜರಡಿ ಹಿಡಿದು ಸೇರಿಸಿ. ಹೆಚ್ಚು ತಿರುವಬೇಡಿ. ಎಸೆನ್ಸ್ ಬದಲು ಏಲಕ್ಕಿ ಪುಡಿ ಹಾಕಿ. ಕುಕ್ಕರ್ ತಳಕ್ಕೆ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ ಕೇಕ್ ಪಾತ್ರೆ ಇಳಿಸಿ. ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿರಲೇಬೇಕು, ಇದನ್ನು ಮರೆಯಬೇಡಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯೊಳಗೆ ಬೇಯುತ್ತದೆ. ಆರಿದ ಮೇಲೆ ತೆಳು ಸಕ್ಕರೆ ನೀರಿಗೆ ಒಂದು ಚಮಚ ಜೇನುತುಪ್ಪ ಕಲಸಿ ಮೇಲೆ ಹನಿಸಿ, ಜಾಮ್ ಬಿಸಿ ಮಾಡಿ ಸವರಿ, ಕೊಬ್ಬರಿ ಉದುರಿಸಿ.

ಗುಲಾಬಿ ಬಣ್ಣ ಬೇಕೇ ಬೇಕು ಅಂತ ಮಗು ಹಟ ಮಾಡಿದರೆ ಬೀಟ್‌ರೂಟ್ ಇದೆ. ಅದನ್ನು ಹಿಟ್ಟಿಗೆ ಹಾಕಿದರೆ ಬೇಯುವಾಗ ಕಂದು ತಿರುಗುತ್ತದೆ. ಮೇಲಿನ ಐಸಿಂಗ್‌ಗೆ ಒಂದೆರಡು ಚಮಚ ರಸ, ನಾಲ್ಕು ಹನಿ ನಿಂಬೆಹಣ್ಣು ಹಾಕಿ, ಬಣ್ಣ ನಿಲ್ಲುತ್ತದೆ. ಹಳದಿಗೆ ಅರಿಶಿನ ಅಂತ ಸೋಡಾ ಹಾಕಿದ ಹಿಟ್ಟಿಗೆ ಸೇರಿಸಬೇಡಿ, ಸೋಡಾ ತಾಗಿದರೆ ಅರಿಶಿನ ಕೆಂಪಗಾಗುತ್ತದೆ. ತುಪ್ಪದಲ್ಲಿ ನೆನೆಸಿದ ಕೇಸರಿ ಎಳೆ, ದಾಳಿಂಬೆ ಕಾಳು, ಗುಲಾಬಿ ಗುಲ್ಕನ್, ಇವೆಲ್ಲ ಹೊಳೆಯದಿದ್ದರೂ ಮಕ್ಕಳ ಕಣ್ಣಿಗೆ ಚಂದ ಕಾಣುತ್ತವೆ.

ಈಗಾಗಲೇ ಇಂಥ ಪುಡಿ ಮನೆಯಲ್ಲಿದ್ದರೆ ಇವತ್ತೇ ಅಡುಗೆ ಮನೆಯಿಂದ ಹೊರಗೆ ಹಾಕಿ. ಉಳಿದಿದೆ ಅಂತ ಬೇರೆಯವರಿಗೆ ಕೊಡಬೇಡಿ. ಮನೆಯಲ್ಲಿ ಕೇಕ್ ಮಾಡಿ ಮಾರುವ ಅಕ್ಕಂದಿರೇ, ನಿಮ್ಮ ಮೇಲೆ ನಂಬಿಕೆ ಇಟ್ಟು ಜನ ಆರ್ಡರ್ ಕೊಡುತ್ತಾರೆ, ನೀವಂತೂ ಡಬ್ಬಿಯ ತಳವನ್ನೂ ಓದಿ. ಆರ್ಡರ್ ಕೊಡುವವರು, 'ಮೇಲೆ ಹಾಕಿದ ಪುಡಿ ಯಾವುದು, ಡಬ್ಬಿಯ ಫೋಟೋ ಕಳಿಸಿ' ಅಂತ ಕೇಳೋಕೆ ಸಂಕೋಚ ಪಡಬೇಡಿ.

ಹೊಳೆಯುವ ಪುಡಿ ತಿಂದು ಮಕ್ಕಳಿಗೆ ವಾಂತಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೀವಾಗಿ ವಾಂತಿ ಮಾಡಿಸಲೂ ಹೋಗಬೇಡಿ. ಪ್ಯಾಕೆಟ್ ಜೊತೆಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾವು ಗಾಬರಿಯಲ್ಲಿ ಬರೀ ಮಕ್ಕಳನ್ನು ಎತ್ತಿಕೊಂಡು ಓಡಿದ್ದೆವು, ಡಾಕ್ಟರು ಮೊದಲು ಕೇಳಿದ್ದೇ 'ಏನು ತಿಂದರು, ಅದು ಎಲ್ಲಿದೆ' ಅಂತ. ಉಳಿದ ಪುಡಿಯನ್ನು, ಒಂದು ತುಂಡು ಕೇಕನ್ನು ಮುಚ್ಚಿ ತೆಗೆದಿಡಿ. ದೂರು ಕೊಡುವಾಗ ಅದೇ ಸಾಕ್ಷಿ. ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದು ಕೊಡಬಹುದು, ಎಫ್‌ಎಸ್‌ಎಸ್‌ಎಐನ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲೂ ಹಾಕಬಹುದು. ಮೋಸದ ಮಾರಾಟಕ್ಕೆ ಗ್ರಾಹಕರ ಸಹಾಯವಾಣಿ 1915 ಇದೆ. ನಾನು ಆ ದೊಡ್ಡ ಡಬ್ಬಿಯ ಫೋಟೋ, ಮೊತ್ತ ಬರೆದ ಚೀಟಿ, ಆಸ್ಪತ್ರೆಯ ಕಾಗದ ಎಲ್ಲ ಸೇರಿಸಿ ದೂರು ಕೊಟ್ಟಿದ್ದೇನೆ. ಆಹಾರ ಸುರಕ್ಷತಾ ಇಲಾಖೆಯವರು ಆ ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವವರೆಗೂ ಕೇಳುತ್ತಲೇ ಇರುತ್ತೇನೆ.