ಕನ್ನಡದಲ್ಲೊಂದು ತಪಸ್ಸುಕಾಲದ ಧ್ಯಾನಕೂಟ: ಹೋಗಿಬಂದವನ ಅನಿಸಿಕೆ

2025ರ ಮಾರ್ಚ್ 21, ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಮೈಸೂರಿನ ಹೊರಗಿರುವ ಒಂದು ಕ್ಯಾಥೊಲಿಕ್ ಧ್ಯಾನಕೇಂದ್ರದಲ್ಲಿ ಇದ್ದುಬಂದೆ. ತಪಸ್ಸುಕಾಲ ಎಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಪಶ್ಚಾತ್ತಾಪದ ಕಾಲ. ಅಲ್ಲಿ ನನಗೆ ಸರಿಬಾರದ್ದೂ ಕೆಲವಿದ್ದವು. ಅದನ್ನೂ ಬರೆಯಬೇಕು, ಹಾಗಾಗಿ ಕೇಂದ್ರದ ಹೆಸರು ಹಾಕುತ್ತಿಲ್ಲ. ಯಾವ ಧ್ಯಾನಕೂಟಕ್ಕೆ ಹೋಗುವವರಿಗಾದರೂ ಇದರಿಂದ ಉಪಯೋಗವಾದರೆ ಸಾಕು.

ನನ್ನದು ಮಂಡ್ಯದಲ್ಲಿ ಕಿರಾಣಿ ಅಂಗಡಿ. ಪ್ರತಿವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುತ್ತೇನೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿಯನ್ನು ಗುರುಗಳು ಹಣೆಗೆ ಹಚ್ಚಿ, ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬು ಎನ್ನುತ್ತಾರೆ. ಆಮೆನ್ ಎಂದು ಬಂದು ಶಟರ್ ಎತ್ತುತ್ತೇನೆ. ಈ ಸಲ ಆ ಮಾತು ಎದೆಯಿಂದ ಇಳಿಯಲಿಲ್ಲ. ಕಾರಣವಿತ್ತು, ಮುಂದೆ ಹೇಳುತ್ತೇನೆ. ಕನ್ನಡದಲ್ಲೇ ನಡೆಯುವ ಕೂಟ ಬೇಕೆಂದು ವಿಚಾರಿಸುತ್ತಾ ಹೋದಾಗ ಇದು ಸಿಕ್ಕಿತು. ನಮ್ಮ ಅಜ್ಜಿ ಲ್ಯಾಟಿನ್ ಪೂಜೆಯ ಕಾಲದವರು, ಅರ್ಥವಾಗದಿದ್ದರೂ ಮಂಡಿಯೂರಿ ಕೂರುತ್ತಿದ್ದೆವು ಎನ್ನುತ್ತಿದ್ದರು. ನನಗೆ ಅದು ಆಗದು. ನನ್ನ ತಪ್ಪನ್ನು ನಾನು ವ್ಯಾಪಾರ ಮಾಡುವ ಭಾಷೆಯಲ್ಲೇ ನೋಡಿಕೊಳ್ಳಬೇಕು.

ವ್ಯವಸ್ಥೆ ಸರಳ. ಎರಡು ರಾತ್ರಿಗೆ ಊಟ ಸೇರಿ 900 ರೂಪಾಯಿ. ಒಂದು ಕೋಣೆಗೆ ಇಬ್ಬರು. ಶುಕ್ರವಾರ ರಾತ್ರಿ ಗಂಜಿ, ಹುರುಳಿಕಾಳಿನ ಪಲ್ಯ, ಉಪ್ಪಿನಕಾಯಿ. ಶನಿವಾರ ಮುದ್ದೆ, ಬಸ್ಸಾರು. ಬಂದ ತಕ್ಷಣ ಮೊಬೈಲ್ ತೆಗೆದುಕೊಂಡು ಚೀಟಿ ಕೊಟ್ಟರು. ಅದು ಒಳ್ಳೆಯದೇ, ಆದರೆ ಮನೆಯವರು ತುರ್ತಿಗೆ ಕರೆಯಲು ಆಫೀಸಿನ ನಂಬರನ್ನು ಮೊದಲೇ ಕೊಟ್ಟಿದ್ದರೆ ಮನೆಯಲ್ಲಿ ಹೆಂಡತಿ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಮೊದಲ ಸಂಜೆ ಮಾವಿನ ತೋಪಿನಲ್ಲಿ ಶಿಲುಬೆಹಾದಿ ಮಾಡಿದೆವು, ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಸ್ಥಳದಿಂದ ಸ್ಥಳಕ್ಕೆ ನಡೆಯುತ್ತಾ ನೆನೆಯುವ ಪ್ರಾರ್ಥನೆ ಅದು. ಹದಿನಾಲ್ಕು ಸ್ಥಳಗಳಿಗೂ ಮಂಡಿಯೂರಿದೆವು. ಆಮೇಲೆ ಎಂಟೂವರೆಗೆ ಚಾಪೆಲ್‌ನಲ್ಲಿ ಎಲ್ಲರಿಗೂ ಒಂದೊಂದು ಜೆರಾಕ್ಸ್ ಹಾಳೆ, ಪೆನ್ಸಿಲ್ ಕೊಟ್ಟರು. ಒಂದು ಗಂಟೆ ಯಾರೂ ಮಾತಾಡುವಂತಿಲ್ಲ. ಈ ಕೂಟದ ಜೀವ ಇದ್ದದ್ದು ಆ ಒಂದು ಗಂಟೆಯಲ್ಲಿ.

ಅದು ಲೊಯೋಲಾದ ಸಂತ ಇಗ್ನಾಸಿಯವರು 16ನೇ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆ. ಮೊದಲು ದೇವರಿಗೆ ವಂದನೆ, ಆಮೇಲೆ ಬೆಳಕು ಬೇಡುವುದು, ಆಮೇಲೆ ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ದಿನವನ್ನು ನೋಡುತ್ತಾ ಬರುವುದು, ತಪ್ಪಿಗೆ ಕ್ಷಮೆ ಕೇಳುವುದು, ತಿದ್ದಿಕೊಳ್ಳುತ್ತೇನೆಂದು ನಿಶ್ಚಯಿಸುವುದು. ಇಷ್ಟನ್ನು ಎಲ್ಲೋ ಕೇಳಿದ್ದೆ. ನನಗೆ ಹೊಸದಾಗಿದ್ದದ್ದು ಗೆರೆಗಳು. ಒಂದೇ ಒಂದು ದೋಷವನ್ನು ಆರಿಸಿಕೊಂಡು, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ, ಎಷ್ಟು ಸಲ ಜಾರಿದೆನೋ ಅಷ್ಟು ಚುಕ್ಕಿಯನ್ನು ಗೆರೆಯ ಮೇಲೆ ಇಡಬೇಕು. ಎರಡನೆಯ ಗೆರೆಯಲ್ಲಿ ಚುಕ್ಕಿ ಕಡಿಮೆಯಾಯಿತೇ, ನಾಳೆಗೆ ಇನ್ನೂ ಕಡಿಮೆಯಾಯಿತೇ ಎಂದು ಹೋಲಿಸಿ ನೋಡಬೇಕು. ದಿನಾ ರಾತ್ರಿ ಗಲ್ಲಾಪೆಟ್ಟಿಗೆ ಲೆಕ್ಕ ನೋಡುವವನಿಗೆ ಇದು ಪಕ್ಕನೆ ಹಿಡಿಸಿತು.

ಹಾಳೆಯ ಐದನೇ ಪ್ರಶ್ನೆ ಹೀಗಿತ್ತು: ನಿನ್ನ ಕೈಗೆ ಬಂದ ಹಣದಲ್ಲಿ ನಿನ್ನದಲ್ಲದ್ದು ಇದೆಯೇ?

ಇತ್ತು. ನಮ್ಮ ಬೀದಿಯಲ್ಲಿ ಹೂ ಮಾರುವ ಅಜ್ಜಿಗೆ ನನ್ನಲ್ಲಿ ಉದ್ರಿ ಲೆಕ್ಕ ಇದೆ. ಅವರಿಗೆ ಓದು ಬರದು. ದೀಪಾವಳಿಯ ಗಲಾಟೆಯಲ್ಲಿ 380 ರೂಪಾಯಿ ತಂದು ಕೊಟ್ಟರು. ಪುಸ್ತಕದಲ್ಲಿ ಹೊಡೆದುಹಾಕುವುದು ಮರೆತೆ. ಮುಂದಿನ ತಿಂಗಳು ಬಾಕಿ ಇದೆ ಎಂದೆ. ಅಜ್ಜಿ ನನ್ನ ಮುಖ ನೋಡಿ, ಸೆರಗಿನ ಗಂಟು ಬಿಚ್ಚಿ, ಮತ್ತೆ ಕೊಟ್ಟರು. ಅವತ್ತು ರಾತ್ರಿಯೇ ಲೆಕ್ಕ ನೋಡುವಾಗ ನನಗೆ ಗೊತ್ತಾಯಿತು. ಸುಮ್ಮನಿದ್ದೆ. ಹೇಗೂ ಸಾಮಾನು ಒಯ್ಯುತ್ತಾರೆ, ಯಾವತ್ತಾದರೂ ಸರಿಮಾಡಿದರಾಯಿತು ಎಂದುಕೊಂಡು ನಾಲ್ಕು ತಿಂಗಳು ಕಳೆದೆ. ಮರೆತದ್ದು ಪಾಪವಲ್ಲ. ಗೊತ್ತಾದ ಮೇಲಿನ ಪ್ರತಿ ದಿನವೂ ಪಾಪವೇ. ಆ ಗೆರೆಯ ಮೇಲೆ ಎಷ್ಟು ಚುಕ್ಕಿ ಇಡಬೇಕೆಂದು ಪೆನ್ಸಿಲ್ ಹಿಡಿದು ಕೂತೇ ಇದ್ದೆ.

ಶನಿವಾರ ಮಧ್ಯಾಹ್ನದ ಪ್ರವಚನ ನನಗೆ ಹಿಡಿಸಲಿಲ್ಲ. ಎಪ್ಪತ್ತು ಜನರ ಹಾಲ್‌ಗೆ ಜಾತ್ರೆಯಲ್ಲಿ ಇಡುವಂಥ ಸೌಂಡ್ ಬಾಕ್ಸ್. ಪ್ರವಚನಕಾರರು ನರಕದ ಬಗ್ಗೆ ಕಿರುಚಿ ಕಿರುಚಿ ಹೇಳಿದರು, ಮುಂದಿನ ಸಾಲಿನವರು ಅತ್ತರು. ಹಿಂದಿನ ರಾತ್ರಿ ಮೌನದಲ್ಲಿ ತಾನಾಗಿ ಮೆದುವಾಗಿದ್ದ ಮನಸ್ಸು ಆ ಸದ್ದಿಗೆ ಮುದುಡಿತು. ಹೆದರಿಸಿ ಬರಿಸಿದ ಕಣ್ಣೀರಿಗೂ ತನ್ನ ತಪ್ಪು ಕಂಡು ಬರುವ ಕಣ್ಣೀರಿಗೂ ವ್ಯತ್ಯಾಸವಿದೆ. ಪಾಪನಿವೇದನೆಗೂ, ಅಂದರೆ ಗುರುಗಳ ಮುಂದೆ ತಪ್ಪು ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೂ, ಮೂವರೇ ಗುರುಗಳಿದ್ದರು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ಕಟ್ಟಳೆ 1215ರಲ್ಲಿ ರೋಮಿನಲ್ಲಿ ನಡೆದ ಲ್ಯಾಟೆರನ್ ಮಹಾಸಭೆಯಿಂದ ಬಂದಿದೆ, ತಪಸ್ಸುಕಾಲದಲ್ಲಿ ಜನ ಬಂದೇ ಬರುತ್ತಾರೆ. ಮಂಡಿನೋವಿನವರು ಎರಡು ಗಂಟೆ ಕ್ಯೂನಲ್ಲಿ ನಿಂತಿದ್ದರು. ನಾಲ್ಕು ಬೆಂಚು ಹಾಕಿಸಬಹುದಿತ್ತು.

ನನ್ನ ಸರದಿ ಬಂದಾಗ ಏಳು ಗಂಟೆ. ವಯಸ್ಸಾದ ಗುರುಗಳು. ಅಜ್ಜಿಯ ವಿಷಯ ಹೇಳಿದೆ. ಬುದ್ಧಿವಾದ ಬರುತ್ತದೆ ಎಂದು ಕಾದೆ. ಅವರು ಕೇಳಿದ್ದು ಇಷ್ಟು:

"ಅಂಗಡಿ ಎಷ್ಟು ಹೊತ್ತಿಗೆ ತೆಗೀತೀರಿ?"

"ಆರೂವರೆಗೆ, ಸ್ವಾಮಿ."

"ಸೋಮವಾರ ಆರೂವರೆಗೆ ಕೊಟ್ಟುಬಿಡಿ. ಮರೆತಿದ್ದೆ ಅಂತ ಮಾತ್ರ ಹೇಳಬೇಡಿ. ಕೊಟ್ಟ ಮೇಲೆ ಒಂದು ಪರಲೋಕ ಮಂತ್ರ ಹೇಳಿ."

ನಾನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದದ್ದು ಅದೇ ಮಾತು, 'ಮರೆತಿದ್ದೆ ಅಜ್ಜಿ' ಎಂದು.

ಭಾನುವಾರದ ಪೂಜೆಯಲ್ಲಿ ಓದಿದ ಶುಭಸಂದೇಶ ಬೈಬಲ್ಲಿನ ಲೂಕ 13ನೇ ಅಧ್ಯಾಯದ್ದು. ಸಿಲೋವದ ಗೋಪುರ ಬಿದ್ದು 18 ಜನ ಸತ್ತರು, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಯೇಸು ಕೇಳುತ್ತಾರೆ. ಅಲ್ಲ ಎಂದು ತಾವೇ ಹೇಳಿ, ನೀವು ದೇವರ ಕಡೆ ತಿರುಗಿಕೊಳ್ಳಿ ಎನ್ನುತ್ತಾರೆ. ಸತ್ತವರ ಲೆಕ್ಕ ಬಿಟ್ಟು ಕೇಳುವವನ ಲೆಕ್ಕಕ್ಕೇ ಬರುತ್ತಾರೆ. ಅದಾದ ಮೇಲೆ ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರದ ಸಾಮತಿ, ಅಂದರೆ ದೃಷ್ಟಾಂತಕಥೆ. ಕಡಿದುಹಾಕು ಎನ್ನುತ್ತಾನೆ ಧಣಿ. ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ ತೋಟದವನು. ಆ ದಿನದ ಪ್ರಬೋಧನೆ ಹತ್ತೇ ನಿಮಿಷ, ಮೈಕ್ ಕೂಡ ಬೇಕಾಗಲಿಲ್ಲ. ಗೊಬ್ಬರ ಹಾಕುವ ಮೊದಲು ಬುಡ ಅಗೆಯಬೇಕು, ಅಗೆದಾಗ ಬೇರಿಗೆ ನೋವಾಗುತ್ತದೆ ಎಂದರು ಗುರುಗಳು. ರೈತರ ಮನೆಯಿಂದ ಬಂದವರಿರಬೇಕು.

ಸೋಮವಾರ ಬೆಳಿಗ್ಗೆ ಅಜ್ಜಿ ಬುಟ್ಟಿ ಇಳಿಸುವಾಗಲೇ ಹೋದೆ. ಬೈಬಲ್ಲಿನ ಸುಂಕದವನು ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದಿದ್ದ. ನಾನು 380ರ ಜೊತೆಗೆ ಅಷ್ಟನ್ನೇ ಸೇರಿಸಿ 760 ಹಿಡಿದುಕೊಂಡಿದ್ದೆ. ಎರಡು ಸಲ ಇಸಕೊಂಡಿದ್ದೆ, ಅವತ್ತೇ ಗೊತ್ತಾಗಿತ್ತು, ಸುಮ್ಮನಿದ್ದೆ ಎಂದೆ. ಅಜ್ಜಿ 380 ಎಣಿಸಿಕೊಂಡು ಉಳಿದದ್ದನ್ನು ನನ್ನ ಕೈಗೇ ಇಟ್ಟರು. ಹೂವಿನ ಮೇಲೆ ನೀರು ಚಿಮುಕಿಸುತ್ತಾ, "ನಾನು ಕೊಟ್ಟಿದ್ದೆ ಅಂತ ನನ್ನ ಮಗಳಿಗೆ ಹೇಳ್ದೆ ಕಣಪ್ಪ. ನಿಂಗೆ ಅರಳುಮರಳು ಅಂದ್ಲು. ಅಲ್ಲಿಂದ ದುಡ್ಡೆಲ್ಲ ಅವಳೇ ಇಟ್ಕೊತಾಳೆ" ಎಂದರು.

ನಾನು ಲೆಕ್ಕ ಹಾಕಿದ್ದು ರೂಪಾಯಿಯನ್ನು ಮಾತ್ರ. ಸಂಜೆ ಅಂಗಡಿಯನ್ನು ಹುಡುಗನಿಗೆ ಬಿಟ್ಟು ಅವರ ಮನೆಗೆ ಹೋಗಿ, ಮಗಳ ಎದುರು, ಅಳಿಯನ ಎದುರು, ತಪ್ಪು ಅಜ್ಜಿಯದಲ್ಲ, ನನ್ನದು ಎಂದು ಹೇಳಿಬಂದೆ. ಪರಲೋಕ ಮಂತ್ರವನ್ನು ದಾರಿಯಲ್ಲಿ ಹೇಳಿಕೊಂಡೆ.

ಮುಂದಿನ ವರ್ಷವೂ ಇದೇ ಕೇಂದ್ರಕ್ಕೆ ಹೋಗುತ್ತೇನೆ. ಸೌಂಡ್ ಬಾಕ್ಸ್, ಬೆಂಚಿನ ವಿಷಯ ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ ಬರೆದಿದ್ದೇನೆ. ಹೋಗುವವರು ಹೊದಿಕೆ, ಟಾರ್ಚ್ ಒಯ್ಯಿರಿ, ತೋಪಿನಲ್ಲಿ ದೀಪ ಕಡಿಮೆ. ಪಾಪನಿವೇದನೆಗೆ ಶನಿವಾರ ಐದಕ್ಕೇ ನಿಂತುಬಿಡಿ. ಶುಕ್ರವಾರ ಎಂಟೂವರೆಗೆ ಮೊದಲು ತಲುಪುವುದು ಮುಖ್ಯ. ತಡವಾಗಿ ಬಂದ ನನ್ನ ಕೋಣೆಯವರಿಗೆ ಆ ಹಾಳೆ ಸಿಗಲಿಲ್ಲ, ನನ್ನದನ್ನೇ ನೋಡಿ ಪ್ರಶ್ನೆಗಳನ್ನು ಕೈಯಲ್ಲಿ ಬರೆದುಕೊಂಡರು.