ಅಂಗನವಾಡಿ, ಇಂಗ್ಲಿಷ್ ಮೀಡಿಯಂ, ಕನ್ನಡ ಶಾಲೆಯ ಎಲ್‌ಕೆಜಿ: ಮೂರಕ್ಕೂ ಕಳಿಸಿದ ಮೇಲೆ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾರೆ, ನಾನು ಅಡಿಕೆ ಸುಲಿಯಲು. ಮಕ್ಕಳನ್ನು ಎಲ್ಲಿಗೆ ಹಾಕುವುದು ಅಂತ ಕೇಳುವವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಮಗಳನ್ನು ಮೊದಲು ಹಾಕಿದ್ದು ಇಂಗ್ಲಿಷ್ ಮೀಡಿಯಂಗೆ. ನಾಲ್ಕು ತಿಂಗಳಲ್ಲಿ ಎಬಿಸಿಡಿ ಪೂರ್ತಿ ಬರೆದಳು, ನಮಗೂ ಖುಷಿ. ಆದರೆ ದಿನಾ ವ್ಯಾನಿಂದ ಇಳಿದವಳೇ ಬ್ಯಾಗ್ ಕೂಡ ತೆಗೆಯದೆ ಬಚ್ಚಲಿಗೆ ಓಡುತ್ತಿದ್ದಳು. ಯಾಕೆ ಅಂತ ಕೇಳಿದೆ. "ಒಂದಕ್ಕೆ ಹೋಗ್ಬೇಕು ಅಂತ ಇಂಗ್ಲಿಷಲ್ಲೇ ಕೇಳ್ಬೇಕಮ್ಮ, ನಂಗೆ ಮರ್ತೋಗ್ತದೆ" ಅಂದಳು. ಮೂರೂವರೆ ವರ್ಷದ ಮಗು ಇಡೀ ದಿನ ತಡೆದುಕೊಂಡು ಕೂರುತ್ತಿತ್ತು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರವೇ ಬಿಡಿಸಿದೆವು.

ಮಗ ಈಗ ಅಂಗನವಾಡಿಯಲ್ಲಿದ್ದಾನೆ. ಖರ್ಚಿಲ್ಲ, ಊಟ ಉಂಟು, ತೂಕ ನೋಡಿ ಬರೆದಿಡುತ್ತಾರೆ. ಕೇರಳದಲ್ಲಿ 2022ರಿಂದ ಹಾಲು, ಮೊಟ್ಟೆಯೂ ಸಿಗುತ್ತದೆ, 2025ರಲ್ಲಿ ಮೊಟ್ಟೆ ಬಿರಿಯಾನಿಯೂ ಸೇರಿತು. ಕೂಲಿ ಮಾಡುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಟೀಚರ್ ಹೇಳುವುದು ಮಲಯಾಳಂನಲ್ಲಿ, ಹೆಲ್ಪರ್ ಅಕ್ಕ ಅದನ್ನೇ ತುಳುವಿನಲ್ಲಿ ಹೇಳುತ್ತಾರೆ, ಹಾಗಾಗಿ ಅವನಿಗೆ ಹೆದರಿಕೆ ಇಲ್ಲ. ಕೊರತೆ ಅಂದರೆ ಮೂರು ವರ್ಷದವರೂ ಐದು ವರ್ಷದವರೂ ಒಂದೇ ಕೋಣೆಯಲ್ಲಿ. ಟೀಚರಿಗೆ ಸರ್ವೆ, ಮೀಟಿಂಗ್, ಫೋನಿನಲ್ಲಿ ಲೆಕ್ಕ ತುಂಬಿಸುವುದು. ಕಲಿಸಲು ಹೊತ್ತು ಎಲ್ಲಿ?

ಮಗಳು ಆಮೇಲೆ ಹೋದದ್ದು ಕನ್ನಡ ಶಾಲೆಯ ಎಲ್‌ಕೆಜಿಗೆ. ಪಿಟಿಎ, ಅಂದರೆ ಹೆತ್ತವರು ಮತ್ತು ಟೀಚರುಗಳ ಸಂಘ ನಡೆಸುವುದು, ಫೀಸು ಕಡಿಮೆ. ಟೀಚರಿಗೆ ಸಂಬಳ ಸಾಲದೆ ಒಂದೇ ವರ್ಷದಲ್ಲಿ ಇಬ್ಬರು ಬದಲಾದರು, ಅದು ಮಕ್ಕಳಿಗೆ ಕಷ್ಟವೇ. ಆದರೂ ಒಂದು ಸಂಜೆ ನನ್ನ ಪಕ್ಕ ಕೂತು ಅಡಿಕೆಯನ್ನು ಹತ್ತು ಹತ್ತು ಗುಂಪು ಮಾಡಿ, "ಇದರಲ್ಲಿ ಒಂದು ಕಡಿಮೆ ಉಂಟು, ಯಾರು ತಗೊಂಡದ್ದು?" ಅಂತ ಕೇಳಿದಳು. ಬಾಯಿಬಿಟ್ಟು ಕೇಳದಿದ್ದ ಹುಡುಗಿ ಅವಳು.

ಅಮೆರಿಕದ ಮಿಶಿಗನ್‌ನಲ್ಲಿ 1962ರಲ್ಲಿ ಶುರುವಾದ ಪೆರ್ರಿ ಪ್ರೀಸ್ಕೂಲ್ ಬಗ್ಗೆ ಪಿಟಿಎ ಸಭೆಯಲ್ಲಿ ಒಬ್ಬ ಟೀಚರ್ ಹೇಳಿದ್ದರು. ಬಡಮನೆಯ 123 ಮಕ್ಕಳಲ್ಲಿ ಕೆಲವರನ್ನು ಸೇರಿಸಿ, ಉಳಿದವರನ್ನು ಬಿಟ್ಟು, ಎಲ್ಲರನ್ನೂ 40 ವರ್ಷ ವಯಸ್ಸಿನವರೆಗೆ ಗಮನಿಸಿದರಂತೆ. ಬುದ್ಧಿ ಪರೀಕ್ಷೆಯ ಅಂಕದಲ್ಲಿದ್ದ ವ್ಯತ್ಯಾಸ ಕೆಲವೇ ವರ್ಷಕ್ಕೆ ಹೋಯಿತು. ಆದರೆ ಹೋದ ಮಕ್ಕಳೇ ಶಾಲೆ ಮುಗಿಸಿದ್ದು ಜಾಸ್ತಿ, ದುಡಿದದ್ದೂ ಜಾಸ್ತಿ. ಅಲ್ಲಿ ಟೀಚರ್ ವಾರಕ್ಕೊಮ್ಮೆ ಮನೆಗೇ ಬರುತ್ತಿದ್ದರು. ನಾವು ಎಬಿಸಿಡಿ ನೋಡಿ ಖುಷಿಪಟ್ಟದ್ದು ಸುಮ್ನೆ, ಅಲ್ವಾ?

ಮಗನಿಗೆ ಜೂನ್‌ಗೆ ನಾಲ್ಕು ತುಂಬುತ್ತದೆ. ಅಲ್ಲಿವರೆಗೆ ಅಂಗನವಾಡಿ, ಆಮೇಲೆ ಅಕ್ಕನ ಶಾಲೆ. ಸೇರಿಸುವ ಮೊದಲು ಹೊಸ ಟೀಚರ್ ಹತ್ತಿರ ಒಂದೇ ಮಾತು ಕೇಳುವುದುಂಟು: ಇವನು ತುಳುವಿನಲ್ಲಿ ನೀರು ಕೇಳಿದರೆ ಕೊಡ್ತೀರಲ್ವಾ?